ಅಟ್ಟದ ಮೇಲಿನ ಚಳಿಗಾಲ

ಚಿಕ್ಕಪ್ಪ ಬಂದಿಳಿದ ದಿನ ಅಜ್ಜಿ ಅವರ ಕಾಲಿಗೆ ನೀರು ಕೊಡಲಿಲ್ಲ. ನಾನು ಚೆಂಬು ತುಂಬಿಸಿಕೊಂಡು ಹೊರಟರೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಕರಿಬೇವಿನ ಗಿಡದ ಬುಡಕ್ಕೆ ಸುರಿದರು.

"ಹೆತ್ತಪ್ಪನ್ನ ಮಣ್ ಮಾಡಕ್ಕೆ ಬರ್ಲಿಲ್ಲ," ಎಂದು ಜಗಲಿಯ ಕಂಬಕ್ಕೆ ಹೇಳಿದರು. "ಅಲ್ಲೆಲ್ಲೋ ಕುಂತ್ಕಂಡು ಮಣ್ಣಿಗೆ ಜ್ವರ ನೋಡ್ತಿದ್ನಂತೆ."

"ಜ್ವರ ಅಲ್ಲ ಕಣವ್ವ, ಚಳಿ," ಎಂದರು ಚಿಕ್ಕಪ್ಪ. ಅಂಗಳದಲ್ಲಿ ಕಬ್ಬಿಣದ ಟ್ರಂಕಿನ ಮೇಲೆ ಕೂತು ಬೂಟು ಬಿಚ್ಚಿಕೊಂಡು, ಧೂಳುಗಾಲಿನಲ್ಲೇ ಒಳಗೆ ಬಂದರು.

ಎಂಬತ್ತೇಳನೆಯ ಇಸವಿಯ ಯುಗಾದಿ ಕಳೆದು ಒಂದು ವಾರವಾಗಿತ್ತು. ನಮ್ಮದು ಶೆಟ್ಟಿಕೆರೆಯಿಂದ ಎರಡು ಮೈಲಿ ಒಳಗಿರುವ ಊರು. ಚಿಕ್ಕಪ್ಪ ರೇವಣ್ಣ ನಮ್ಮಪ್ಪನ ಒಬ್ಬನೇ ತಮ್ಮ. ಸರ್ಕಾರದ ಒಂದು ಇಲಾಖೆಯಲ್ಲಿ ಉಷ್ಣತೆ ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಆ ಇಲಾಖೆ ಅವರನ್ನು ದಕ್ಷಿಣ ಧ್ರುವದ ಕಡೆ ಕಳಿಸಿ, ಹದಿನಾಲ್ಕು ತಿಂಗಳು ಅಲ್ಲೇ ಇರಿಸಿತ್ತು. ಅವರು ಅಲ್ಲಿದ್ದಾಗ, ಹಿಂದಿನ ಆಷಾಢದಲ್ಲಿ, ತಾತ ತೋಟದಲ್ಲಿ ನೀರು ತಿರುಗಿಸುತ್ತಿದ್ದವರು ಗುದ್ದಲಿ ಹಿಡಿದುಕೊಂಡೇ ಕುಸಿದು ಹೋಗಿಬಿಟ್ಟರು. ಅಪ್ಪ ತಿಪಟೂರಿಗೆ ಓಡಿ ತಂತಿ ಕೊಟ್ಟರು. ಇಲಾಖೆಯವರು ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಿದರು. ಆದರೆ ಡಿಸೆಂಬರ್ ತನಕ ಅಲ್ಲಿಗೆ ಹಡಗು ಹೋಗುವಂತಿರಲಿಲ್ಲ, ಅಲ್ಲಿನ ಸಮುದ್ರ ಹೆಪ್ಪುಗಟ್ಟಿತ್ತು.

"ಸಮುದ್ರ ಹೆಪ್ಪುಗಟ್ಟಕ್ಕೆ ಅದೇನು ಮೊಸ್ರೇನ್ಲಾ?" ಎಂದು ಅಜ್ಜಿ ಕೇಳಿದ್ದರು, ಅಪ್ಪ ಅದನ್ನು ವಿವರಿಸಲು ಹೋದಾಗ. ಆಮೇಲೆ ಯಾರೂ ವಿವರಿಸಲಿಲ್ಲ. ನಮ್ಮಜ್ಜಿ ಸಿದ್ದಮ್ಮ ಎಂದರೆ ಊರಿನಲ್ಲಿ ಎಲ್ಲರಿಗೂ ಸ್ವಲ್ಪ ಹೆದರಿಕೆ. ನಮಗೆ ಮನೆಯಲ್ಲಿ ಜಾಸ್ತಿ.

ನಾನು ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿ ಮನೆಯಲ್ಲಿದ್ದೆ. ಮನೆಯಲ್ಲಿದ್ದೆ ಎನ್ನುವುದಕ್ಕಿಂತ ಮನೆಯವರ ಕಾಲಿಗೆ ಅಡ್ಡವಾಗಿದ್ದೆ ಎನ್ನಬೇಕು. ಅಮ್ಮ ಹೇಳಿದ ಕೆಲಸಕ್ಕೆ ಕೈ ಹಾಕಿದರೆ ಅದು ಕೆಡುತ್ತಿತ್ತು, ಹಾಕದಿದ್ದರೆ ಮಾತು ಕೇಳಬೇಕಿತ್ತು. ಯಾರಾದರೂ ಬಂದರೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಚಿಕ್ಕಪ್ಪ ಬಂದ ಮೂರನೆಯ ದಿನ ಆ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಒಳಗೆ ಬಂದು ಟ್ರಂಕು ಇಳಿಸಿದರು.

"ನೀನು ಫಿಸಿಕ್ಸ್ ಅಲ್ವೇನೆ ಓದಿದ್ದು? ಕಣ್ಣು ಸರಿಯಾಗಿದೆಯಾ? ಈ ಗೆರೆ ಕಾಣುತ್ತಾ?"

ಟ್ರಂಕಿನಲ್ಲಿ ಕಾಗದದ ಹದಿನಾಲ್ಕು ಸುರುಳಿಗಳಿದ್ದವು, ಒಂದೊಂದು ತಿಂಗಳಿಗೆ ಒಂದೊಂದು. ಅಂಗೈಯಗಲದ ಕರೀ ಕಾಗದ, ಅದರ ಮೇಲೆ ತೆಳುವಾಗಿ ಮೇಣದ ಲೇಪ. ಅಲ್ಲಿನ ಚಳಿಗೆ ಶಾಯಿ ಗಟ್ಟಿಯಾಗಿಬಿಡುತ್ತದೆಂದು ಲೇಖನಿಯ ಬದಲು ಸೂಜಿಯಿಟ್ಟು ಮೇಣವನ್ನು ಗೀಚಿಸುತ್ತಾರಂತೆ. ಬಿಳಿ ಮೇಣದ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಎರಡು ಕಪ್ಪು ಗೆರೆಗಳು. ಮೇಲಿನದು ಗಾಳಿಯ ಉಷ್ಣತೆ. ಕೆಳಗಿನದು ಅರ್ಧ ಮೀಟರ್ ಆಳದಲ್ಲಿ, ಕಲ್ಲಿನಂತೆ ಗಡ್ಡೆ ಕಟ್ಟಿದ ಮಣ್ಣಿನ ಉಷ್ಣತೆ. ಗಂಟೆಗೊಂದರಂತೆ ಎರಡನ್ನೂ ಓದಿ, ಪುಟಸಂಖ್ಯೆ ಅಚ್ಚಾದ ದಪ್ಪ ರಿಜಿಸ್ಟರಿಗೆ ಏರಿಸಬೇಕು. ಚಿಕ್ಕಪ್ಪನಿಗೆ ಅದು ಆಗುತ್ತಿರಲಿಲ್ಲ. ಹಿಮದ ಮೇಲಿನ ಬಿಸಿಲು ಅವರ ಕಣ್ಣು ತಿಂದಿತ್ತು. ದಪ್ಪಕ್ಷರ ಕಾಣುತ್ತಿತ್ತು, ಗೆರೆ ಕಾಣುತ್ತಿರಲಿಲ್ಲ.

"ಒಂದು ವರ್ಷದ ಅಂಕಿಗೆ ಮೂರು ಕಾಸಿನ ಬೆಲೆ ಇಲ್ಲ," ಎಂದರು. "ಅದೇ ಗುಂಡಿ, ಅದೇ ಆಳ, ಇಪ್ಪತ್ತು ವರ್ಷ, ಮೂವತ್ತು ವರ್ಷ ಬಿಡದೆ ನೋಡ್ಬೇಕು. ಆಗ ಗೊತ್ತಾಗುತ್ತೆ ಆ ಮಣ್ಣು ಇದ್ದ ಹಾಗೇ ಇದೆಯಾ ಒಳಗೊಳಗೇ ಬಿಸಿಯಾಗ್ತಿದೆಯಾ ಅಂತ. ಇದು ಮೊದಲನೆ ವರ್ಷ. ಮೊದಲನೆ ವರ್ಷಾನೇ ತೂತು ಬಿದ್ರೆ ಎರಡನೆ ವರ್ಷಕ್ಕೆ ನನ್ನನ್ನ ಯಾಕೆ ಕಳಿಸ್ತಾರೆ? ತಪ್ಪು ಬರೆದ್ಯೋ, ಕೈ ಮುರೀತೀನಿ."

ಕೆಲಸ ಸರಿಯಾಗಿ ಮಾಡಿದರೆ ಇಲಾಖೆಯಲ್ಲಿ ಗೆರೆ ಓದುವುದಕ್ಕೇ ಒಂದು ತಾತ್ಕಾಲಿಕ ಹುದ್ದೆ ಇದೆ, ನಿನ್ನ ಹೆಸರು ಹೇಳುತ್ತೇನೆ ಎಂದೂ ಸೇರಿಸಿದರು. ಆ ಮಾತನ್ನು ಎಷ್ಟು ಸಿಡುಕಿನಿಂದ ಹೇಳಿದರೆಂದರೆ ಅದು ನಿಜವೇ ಇರಬೇಕು ಅನ್ನಿಸಿತು.

ನಾನು ಓದತೊಡಗಿದೆ. ಗಾಳಿಯ ಗೆರೆ ಜಗಳಗಂಟಿ. ಏಳುತ್ತದೆ, ಬೀಳುತ್ತದೆ, ಒಂದೇ ಮಧ್ಯಾಹ್ನದಲ್ಲಿ ಹತ್ತು ಡಿಗ್ರಿ ಜಾರುತ್ತದೆ. ಮಣ್ಣಿನ ಗೆರೆ ಅದ್ಯಾವುದನ್ನೂ ಗಮನಿಸದಂತೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಮೇಲೆ ಬೀಸಿದ ಗಾಳಿಯ ಸುದ್ದಿ ಅದಕ್ಕೆ ಮುಟ್ಟುವುದು ಎಷ್ಟೋ ದಿನದ ಮೇಲೆ, ಅದೂ ಅರ್ಧಂಬರ್ಧ. ನಾನು ಆ ಕೆಳಗಿನ ಗೆರೆಯನ್ನು ಹಚ್ಚಿಕೊಂಡುಬಿಟ್ಟೆ. ಹುಟ್ಟಿದಾಗಿನಿಂದ ನಾನು ಸರಿಯಾಗಿ ಮಾಡಬಲ್ಲ ಮೊದಲ ಕೆಲಸ ಸಿಕ್ಕಿತ್ತು. ಬೆಳಗಿನ ರೊಟ್ಟಿ ತಿಂದು ಕೂತರೆ ಬಿಸಿಲಿಳಿಯುವವರೆಗೆ ಏಳುತ್ತಿರಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ ಚಿಕ್ಕಪ್ಪನಿಗೆ ಒಪ್ಪಿಸಬೇಕಿತ್ತು. ಮೈನಸ್ ಒಂಬತ್ತು ಪಾಯಿಂಟ್ ಎರಡು, ಮೈನಸ್ ಒಂಬತ್ತು ಪಾಯಿಂಟ್ ಎರಡು, ಮೈನಸ್ ಒಂಬತ್ತು ಪಾಯಿಂಟ್ ಮೂರು.

"ಅದೇನೇ ಬೆಳಗಿಂದ ಮೈನಸ್ಸು ಮೈನಸ್ಸು ಅಂತ ಶಾಪ ಹಾಕ್ತೀಯ," ಎಂದು ಅಜ್ಜಿ ಅಡುಗೆಮನೆಯಿಂದ ಕೂಗುತ್ತಿದ್ದರು. "ಇನ್ನೊಂದು ಹೆಣ ಬೀಳ್ಬೇಕೇನೇ ಈ ಮನೇಲಿ?"

"ಬಿ.ಎಸ್ಸಿ. ಓದವ್ಳೆ, ಗೆರೆ ಎಣಸ್ತಾ ಕುಂತವ್ಳೆ," ಎಂದು ಅಮ್ಮ ಅದಕ್ಕೆ ಒಗ್ಗರಣೆ ಹಾಕುತ್ತಿದ್ದರು. ಅಜ್ಜಿಗೂ ಅಮ್ಮನಿಗೂ ಬೇರೆ ಯಾವುದರಲ್ಲೂ ಹೊಂದುತ್ತಿರಲಿಲ್ಲ.

ಚಿಕ್ಕಪ್ಪ ಸುಮ್ಮನಿರುವ ಪೈಕಿ ಅಲ್ಲ. ಈ ಮನೆಯ ಹೊಗೆ, ಈ ಊರಿನ ನೊಣ, ಕಾಯಿ ಕೆಡವುವವರ ಕೂಗಾಟ, ಸಾರಿನ ಖಾರ, ಎಲ್ಲವನ್ನೂ ಬೈಯುತ್ತಿದ್ದರು. ಅಲ್ಲಿ ಎಷ್ಟು ಚೊಕ್ಕಟ, ಎಷ್ಟು ನಿಶ್ಶಬ್ದ ಎನ್ನುತ್ತಿದ್ದರು.

"ಹಂಗಾರೆ ಅಲ್ಲೇ ಇರ್ಬೇಕಿತ್ತು ಕಣಪ್ಪ," ಎಂದರು ಅಮ್ಮ ಒಮ್ಮೆ, ತಟ್ಟೆಗೆ ಮುದ್ದೆ ಬಡಿಸುತ್ತಾ.

"ಇರೋದೇ ಅತ್ತಿಗೆ. ಮತ್ತೆ ಕಳಿಸಿದ್ರೆ ಈ ಸಲ ವಾಪಸ್ಸು ಬರೋ ಬಾಧೆ ಇಟ್ಕೊಳ್ಳಲ್ಲ."

ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ ಹನ್ನೆರಡು ಸುರುಳಿ ಮುಗಿದಿದ್ದವು. ಜೂನ್, ಜುಲೈ ಎರಡನ್ನು ಮಾತ್ರ ಚಿಕ್ಕಪ್ಪ ಬೇಕೆಂದೇ ಉಳಿಸಿದ್ದರು. ಅವು ಸೂರ್ಯ ಹುಟ್ಟದ ತಿಂಗಳುಗಳು. ತಾತ ಹೋದದ್ದೂ ಆ ಜುಲೈಯಲ್ಲೇ.

"ಈ ಎರಡು ಓದೋವಾಗ ನಾನು ಪಕ್ಕದಲ್ಲಿರ್ಬೇಕು," ಎಂದರು. ಬೆಂಗಳೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದರು. ಹನ್ನೆರಡು ದಿನದ ಚಿಕಿತ್ಸೆ. "ಮಿಕ್ಕಿದ್ದು ಏನಾದ್ರೂ ಆಗ್ಲಿ, ರಿಜಿಸ್ಟರಿಗೆ ಏರಿದೆ. ಇವೆರಡು ಜೋಪಾನ. ನಿನ್ನ ಪ್ರಾಣದ ಹಾಗೆ ನೋಡ್ಕೊ."

ಅವರು ಹೋದ ಐದನೆಯ ದಿನ ಟ್ರಂಕನ್ನು ಸರಿಸಿ ಗುಡಿಸಲು ಹೋದರೆ ಕೆಳಗೆ ಗೆದ್ದಲು. ನೆಲದಿಂದ ಎದ್ದ ಕೆಮ್ಮಣ್ಣಿನ ಗೂಡು ಟ್ರಂಕಿನ ತುಕ್ಕು ಹಿಡಿದ ಮೂಲೆಗೆ ಆಗಲೇ ಅಂಟಿಕೊಂಡಿತ್ತು. ಮುಚ್ಚಳ ತೆಗೆದರೆ ಓದಿ ಮುಗಿದ ಸುರುಳಿಯೊಂದರ ಅಂಚು ಪುಡಿಪುಡಿ. ಜೂನ್ ಜುಲೈ ಸುರುಳಿಗಳನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿದೆ. ಗೋಡೆಯ ಗೂಡಿನಲ್ಲಿ ಇಲಿ. ಮೊಳೆಗೆ ತೂಗುಹಾಕೋಣವೆಂದರೆ, ಮಳೆ ಬಂದಾಗ ಜಂತಿಯಿಂದ ಸೋರುವ ನೀರು.

ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಕಾಪಾಡುವ ಜಾಗ ಎಂದರೆ ಒಂದೇ, ಅಡುಗೆಮನೆಯ ಮೇಲಿನ ಅಟ್ಟ. ಸಿಪ್ಪೆ ಸುಲಿಯದ ತೆಂಗಿನಕಾಯಿಯನ್ನು ಅಲ್ಲಿ ಹರಡಿ, ಹತ್ತು ಹನ್ನೊಂದು ತಿಂಗಳು ಕೈ ಸೋಕಿಸದೆ ಬಿಡುತ್ತೇವೆ. ಒಲೆಯ ಶಾಖ, ಹೊಗೆ ದಿನಾ ಅಷ್ಟಷ್ಟೇ ತಾಕುತ್ತಾ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿಗೆ ಗೆದ್ದಲು ಹತ್ತುವುದಿಲ್ಲ, ಹುಳ ಬರುವುದಿಲ್ಲ. ಅದಕ್ಕೇ ಜಮೀನಿನ ಪತ್ರ, ಅಲಸಂದೆ ಬೀಜ, ಅಮ್ಮನ ಧಾರೆ ಸೀರೆ, ನನ್ನ ಡಿಗ್ರಿ ಸರ್ಟಿಫಿಕೇಟು, ಎಲ್ಲವೂ ಅಟ್ಟದ ಮೇಲೆಯೇ. ನಾನೂ ಏಣಿ ಹತ್ತಿ ಎರಡು ಸುರುಳಿಗಳನ್ನು ತಾತನ ಹಳೆಯ ಪಂಚೆಯಲ್ಲಿ ಸುತ್ತಿ, ಉರುಳದಂತೆ ಕಾಯಿಗಳ ನಡುವೆ ಮಲಗಿಸಿ ಇಳಿದು ಬಂದೆ. ಬಂದಾಗ ಎಷ್ಟು ಸಮಾಧಾನವಾಗಿತ್ತೆಂದರೆ, ಕೈ ತೊಳೆದುಕೊಂಡು ಎರಡು ಲೋಟ ಮಜ್ಜಿಗೆ ಕುಡಿದೆ.

ಎರಡು ದಿನದ ಮೇಲೆ ಮಳೆ ಹೊಯ್ಯಿತು. ಮೊದಲ ಮಳೆ ಬಿದ್ದರೆ ಅಟ್ಟದ ಕಾಯಿ ಬೆವರುತ್ತದೆ, ಬೆವರಿದರೆ ಒಳಗೆ ಕೊಳೆಯುತ್ತದೆ. ನಮ್ಮ ಮನೆಯಲ್ಲಿ ಆಗ ಅಜ್ಜಿ ಒಲೆಯ ಪಕ್ಕದ ನೆಲದ ಮೇಲೆ ಕಾಯಿ ಸುಲಿದ ಮಟ್ಟೆ, ಚಿಪ್ಪು ಗುಡ್ಡೆ ಹಾಕಿ ಮೂರು ದಿನ ಕೆಂಡ ಆರದಂತೆ ನೋಡಿಕೊಳ್ಳುತ್ತಾರೆ. ಆ ವರ್ಷವೂ ಹಾಕಿದರು.

"ಅಜ್ಜಿ, ಮೇಲೆ ಚಿಕ್ಕಪ್ಪನ ಕಾಗದ ಮಡಗಿದ್ದೀನಿ," ಎಂದೆ.

"ಮಡಗಿದ್ರೆ ಏನಾತು? ನಿನ್ ಡಿಗ್ರಿ ಕಾಗದ ಎಲ್ಡು ವರ್ಷದಿಂದ ಅಲ್ಲೇ ಐತೆ. ಸುಟ್ಟೋತಾ?"

ಸುಟ್ಟಿರಲಿಲ್ಲ. ಆ ಕಾಗದಕ್ಕೂ ಈ ಕಾಗದಕ್ಕೂ ಏನು ವ್ಯತ್ಯಾಸ ಎಂದು, ಹನ್ನೆರಡು ಸುರುಳಿಯ ಮೇಣವನ್ನು ಉಗುರಿನಿಂದ ಮುಟ್ಟಿ ನೋಡಿದ್ದ ನನಗೆ, ಆಗ ಹೊಳೆಯಲಿಲ್ಲ.

ಚಿಕ್ಕಪ್ಪ ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ಸಾದರು. ಟ್ರಂಕು ಬೇರೆ ಕಡೆ ಇರುವುದನ್ನು ನೋಡಿದ ಕೂಡಲೇ ಕೇಳಿದರು.

"ಜೂನ್ ಜುಲೈ ಎಲ್ಲಿ?"

"ಗೆದ್ದಲು ಬಂದಿತ್ತು ಚಿಕ್ಕಪ್ಪ. ಅಟ್ಟದ ಮೇಲೆ ಜೋಪಾನವಾಗಿ..."

ಅವರು ಎದ್ದು ನಿಂತರು. ಏಣಿ ಹತ್ತುವಾಗಲೇ ನನಗೂ ತಿಳಿಯಿತು. ಪಂಚೆಯ ಅಡಿಭಾಗ ಎಣ್ಣೆ ಕುಡಿದಂತೆ ಕಪ್ಪಗಾಗಿ ಕಾಯಿಗಳಿಗೆ ಅಂಟಿತ್ತು. ಕೆಳಗೆ ತಂದು ಬಿಚ್ಚಿದರೆ ಜೂನ್ ಸುರುಳಿ ಚರಚರ ಎಂದು ಬಿಟ್ಟುಕೊಂಡಿತು. ಒಂದಷ್ಟು ಅಗಲ ಮೇಣ ಕರಗಿ ಹರಿದು ಕರೀ ಕಾಗದ. ಆಮೇಲೆ ಒಂದಷ್ಟು ಅಗಲ ಬಿಳಿ, ಗೆರೆ ಇದೆ. ಮತ್ತೆ ಕಪ್ಪು, ಮತ್ತೆ ಬಿಳಿ.

ಅವರು ಅದನ್ನು ಕನ್ನಡಕದ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಸವರಿ ನೋಡಿದರು. ಹೆಬ್ಬೆರಳು ಕಪ್ಪಾಯಿತು.

"ಮೇಣ ಎಷ್ಟು ಡಿಗ್ರಿಗೆ ಕರಗುತ್ತೆ?"

ನಾನು ಕಪ್ಪಾದ ಪಂಚೆಯನ್ನು ಮಡಿಸತೊಡಗಿದೆ.

"ಬಿ.ಎಸ್ಸಿ. ಅಲ್ವೇನೆ ನೀನು? ಹೇಳು. ಹೇಳೇ!"

"ಅರವತ್ತರ ಹತ್ರ," ಎಂದೆ. ಪರೀಕ್ಷೆಯಲ್ಲಿ ಕೇಳಿದ್ದರೂ ಅದೇ ಬರೆಯುತ್ತಿದ್ದೆ.

ಸುರುಳಿ ನನ್ನ ಮುಖದ ಪಕ್ಕ ಹಾದು ಗೋಡೆಗೆ ಬಡಿಯಿತು. "ಮೂವತ್ತು ಡಿಗ್ರಿ ಚಳೀಲಿ, ಹಗ್ಗ ಹಿಡ್ಕೊಂಡು ಕತ್ತಲೇಲಿ ನಡೆದು ಹೋಗಿ ದಿನಾ ಆ ಯಂತ್ರಕ್ಕೆ ಕೀಲಿ ಕೊಟ್ಟಿದ್ದೀನಿ ಕಣೇ! ಮುಖದ ಚರ್ಮ ಕಿತ್ತು ಬಂದಿದೆ. ಅದನ್ನ ತಂದು ಕೊಬ್ಬರಿ ಜೊತೆ ಒಣಗಕ್ಕೆ ಹಾಕಿದ್ಯಲ್ಲ! ಯಾವ ದನ ಹಿಂಗೆ ಮಾಡುತ್ತೆ?"

"ಅದ್ಕೇನ್ ಬಯ್ತೀಯಪ್ಪ," ಎಂದು ಅಮ್ಮ ಬಾಗಿಲಿಗೆ ಬಂದರು. "ಅಷ್ಟು ಮುಖ್ಯ ಆಗಿದ್ರೆ ನಿನ್ ಸಾಮಾನು ನೀನೇ ಹೊತ್ಕಂಡು ಹೋಗ್ಬೇಕಿತ್ತು." ಹೇಳಿದವರೇ ನನ್ನ ಕಡೆ ತಿರುಗಿ, "ನಿಂಗೂ ಅಷ್ಟೇ, ತಲೆಯೊಳ್ಗೆ ಇರೋದೂ ಮಟ್ಟೆನೇ," ಎಂದು ಒಳಗೆ ಹೋದರು.

ಆಮೇಲಿನ ಆರು ದಿನ ನಾನು ಬಿಳಿಯಿದ್ದಲ್ಲೆಲ್ಲ ಓದಿದೆ. ಸುರುಳಿಗಳು ಮಲಗಿದ್ದವಲ್ಲ, ಪ್ರತಿ ಸುತ್ತಿನ ಕೆಳಗಿನ ಅರ್ಧ ಮಾತ್ರ ಕರಗಿತ್ತು. ಹೊರಸುತ್ತಿನಲ್ಲಿ ಐದಾರು ಗಂಟೆ ಕಂಡರೆ ಐದಾರು ಗಂಟೆ ಇಲ್ಲ. ಒಳಸುತ್ತುಗಳಿಗೆ ಬಂದಂತೆ ಒಂದು ಗಂಟೆ ಇದ್ದರೆ ಒಂದು ಗಂಟೆ ಇಲ್ಲ. ಕಂಡದ್ದನ್ನು ಬರೆದು, ಕಾಣದ ಕಡೆ ಅಂಕಿಯ ಮನೆ ಖಾಲಿ ಬಿಟ್ಟೆ. ರಿಜಿಸ್ಟರಿನ ಆ ಎರಡು ತಿಂಗಳ ಪುಟಗಳು ಜರಡಿಯಂತಾದವು.

ಆರನೆಯ ದಿನ ಸಂಜೆ ಚಿಕ್ಕಪ್ಪ ಬಂದು ಎದುರಿಗೆ ಕೂತರು. ದನಿ ತಗ್ಗಿತ್ತು. ಅದು ಕೂಗಾಟಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

"ಖಾಲಿ ತುಂಬು."

"ಅಲ್ಲಿ ಗೆರೆ ಇಲ್ಲ ಚಿಕ್ಕಪ್ಪ."

"ಆ ಕಡೆ ಇದೆ, ಈ ಕಡೆ ಇದೆ. ನಡುವೆ ನಿನಗೆ ಗೊತ್ತಿಲ್ವಾ? ಹನ್ನೆರಡು ತಿಂಗಳು ಓದಿದ್ದೀಯ. ಆ ಮಣ್ಣು ಮೂರು ಗಂಟೇಲಿ ಎಲ್ಲಿಗೆ ಓಡಿಹೋಗುತ್ತೆ? ಗಾಳಿಗೆ ಅಲ್ಲಿಷ್ಟು ಇಲ್ಲಿಷ್ಟು ಮೇಲೆ ಕೆಳಗೆ ಮಾಡಿ ಬರಿ. ಯಾರಪ್ಪಂಗೂ ಗೊತ್ತಾಗಲ್ಲ."

"ಆವರಣ ಹಾಕಿ ಬರೀಲಾ? ಇದು ಓದಿದ್ದಲ್ಲ, ಅಂದಾಜು ಅಂತ? ಪಕ್ಕದಲ್ಲಿ ಷರಾ ಬರೆದು..."

"ಷರಾದಲ್ಲಿ ಏನಂತ ಬರೀತೀಯ? ಅಟ್ಟದಲ್ಲಿ ಹೊಗೆ ತಿಂತು ಅಂತಾನಾ?" ಮುಂದಕ್ಕೆ ಬಾಗಿದರು. "ಈ ಸುರುಳಿ ಆಫೀಸು ಬಿಟ್ಟು ಹೊರಗೆ ಬರೋ ಹಾಗೇ ಇಲ್ಲ ಕಣೇ. ನಾನು ಯಾರನ್ನೂ ಕೇಳದೆ ತಂದಿದ್ದೀನಿ. ಅಲ್ಲಿ ಇಟ್ರೆ ಯಾವನೋ ಓದ್ತಾನೆ, ಯಾವನದೋ ಹೆಸರಾಗುತ್ತೆ. ನನ್ನ ವರ್ಷ ಇದು. ಸೋಮವಾರ ರಜ ಮುಗಿಯುತ್ತೆ, ಯಾರ ಕಣ್ಣಿಗೂ ಬೀಳದ ಹಾಗೆ ವಾಪಸ್ ಇಟ್ಟು, ರಿಜಿಸ್ಟರ್ ಒಪ್ಪಿಸ್ತೀನಿ. ಅದು ತುಂಬಿದ್ರೆ ಸುರುಳಿ ಯಾರೂ ಬಿಚ್ಚಲ್ಲ. ನಾನು ಮತ್ತೆ ಹೋಗ್ತೀನಿ, ನಿನಗೆ ಕೆಲಸ ಸಿಗುತ್ತೆ. ಖಾಲಿ ಇದ್ರೆ ಬಿಚ್ತಾರೆ. ನಾನೂ ಹಾಳು, ನೀನೂ ಹಾಳು. ಹಾಳು ಮಾಡಿದವಳು ನೀನೇ, ನೆನಪಿರ್ಲಿ."

ಅದು ನಿಜವೇ. ನಾನು ರಿಜಿಸ್ಟರು ತೆಗೆದುಕೊಂಡು ಕೂತೆ. ಮೊದಲು ನನ್ನನ್ನೇ ಪರೀಕ್ಷೆ ಮಾಡಿಕೊಳ್ಳೋಣ ಎನ್ನಿಸಿತು. ಬರೆದಿದ್ದ ಅಂಕಿಗಳ ಮೇಲೆ ಕಾಗದದ ಚೂರು ಮುಚ್ಚಿ, ಊಹಿಸಿ, ಆಮೇಲೆ ಚೂರು ಎತ್ತಿ ನೋಡಿದೆ. ಮಣ್ಣಿನದು ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಬಂತು. ಹತ್ತನೆಯದು ಒಂದು ಪಾಯಿಂಟ್ ಆ ಕಡೆ ಈ ಕಡೆ. ನನಗೇ ಭಯವಾಯಿತು, ನಾನು ಕಾಣದ ನೆಲವನ್ನು ನಾನು ಕುಳಿತಲ್ಲಿಂದ ಬರೆಯಬಲ್ಲವಳಾಗಿದ್ದೆ. ಕೈಯಲ್ಲಿ ಪೆನ್ನು ಹಿಡಿದು, ಜುಲೈ ಮೊದಲ ಖಾಲಿ ಮನೆಯ ಮೇಲೆ ಅದರ ಮೊನೆ ತಂದಿಟ್ಟೂ ಆಗಿತ್ತು.

ಗಾಳಿಯದನ್ನೂ ಹಾಗೇ ನೋಡಿದೆ. ಜುಲೈ ಒಂಬತ್ತರಲ್ಲಿ ಆರು ಗಂಟೆ ಮೈನಸ್ ಇಪ್ಪತ್ತೆಂಟು, ಹತ್ತು ಗಂಟೆ ಮೈನಸ್ ಇಪ್ಪತ್ತೇಳು. ನಡುವೆ ಮುಚ್ಚಿದ್ದ ಮೂರು ಮನೆಗೆ ಇಪ್ಪತ್ತೇಳೂವರೆಯ ಆಸುಪಾಸು ಎಂದುಕೊಂಡು ಚೂರು ಎತ್ತಿದರೆ, ಎಂಟು ಗಂಟೆಗೆ ಮೈನಸ್ ಹದಿನಾರು. ಎಲ್ಲಿಂದಲೋ ಒಂದು ಬಿಸಿಗಾಳಿ ಬಂದು, ಎರಡು ಗಂಟೆ ಇದ್ದು, ಹೊರಟುಹೋಗಿತ್ತು. ಅದು ಬಿಳಿಯ ಮೇಲೆ ಬಿದ್ದಿದ್ದರಿಂದ ಉಳಿದಿತ್ತು. ಕಪ್ಪಿನಲ್ಲಿ ಅಂಥವು ಎಷ್ಟು ಹೋದವೋ. ನಾನು ತುಂಬಿದರೆ ಅವು ಎಂದೂ ಬಂದೇ ಇರಲಿಲ್ಲ ಎಂದಾಗುತ್ತದೆ. ಪೆನ್ನು ಮುಚ್ಚಿಟ್ಟೆ.

ಶನಿವಾರ ಚಿಕ್ಕಪ್ಪ ಕೇಳಿದರು. ಇಲ್ಲವೆಂದು ತಲೆ ಆಡಿಸಿದೆ. ಭಾನುವಾರ ಕೇಳಿದರು. ತಲೆಯನ್ನೂ ಆಡಿಸಲಿಲ್ಲ. ಆಗ ಅಪ್ಪನನ್ನು ಹಿಡಿದರು.

"ಅಣ್ಣ, ನಾನು ಹೇಳ್ತೀನಿ, ನೀನು ಬರಿ. ನಿನ್ನ ಮಗಳು ಕಲ್ಲಾಗಿದ್ದಾಳೆ."

ಅಪ್ಪ ಮೂಡಲಗಿರಿಯಪ್ಪ ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡುವವರು. "ನನ್ ಬರವಣಿಗೆ ನೋಡಿದ್ರೆ ಅಟ್ಟದಲ್ಲಿ ಹೊಗೆ ಕುಡ್ದಿದ್ದು ನಾನೇ ಅನ್ಕತ್ತಾರೆ ಕಣ್ಲಾ," ಎಂದು ಪಂಚೆ ಕೊಡವಿಕೊಂಡು ತೋಟಕ್ಕೆ ನಡೆದರು.

ಸೋಮವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಹೊರಡಬೇಕು. ಟ್ರಂಕು ಕಟ್ಟಿ ಜಗಲಿಗೆ ತಂದಾಗಿತ್ತು. ಅಜ್ಜಿ ಬಾಗಿಲ ಪಕ್ಕ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದರು. ಚಿಕ್ಕಪ್ಪ ರಿಜಿಸ್ಟರನ್ನು ನನ್ನ ತೊಡೆಯ ಮೇಲೆ ಎಸೆದರು.

"ಜುಲೈ ಹದಿನೆಂಟು ಓದು. ಗಟ್ಟಿಯಾಗಿ ಓದು. ಅವ್ವನೂ ಕೇಳ್ಲಿ."

ತಾತ ಹೋದ ದಿನ ಅದು. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ. ಸುರುಳಿಯಲ್ಲಿ ನಮ್ಮ ದೇಶದ ಗಂಟೆಯನ್ನೇ ಗುರುತು ಹಾಕಿದ್ದರು. ನಾನು ಓದಿದೆ.

"ಬೆಳಿಗ್ಗೆ ಹತ್ತು ಗಂಟೆ, ಮಣ್ಣು, ಮೈನಸ್ ಹದಿನಾರು ಪಾಯಿಂಟ್ ನಾಲ್ಕು. ಹನ್ನೊಂದು, ಹದಿನಾರು ಪಾಯಿಂಟ್ ನಾಲ್ಕು. ಹನ್ನೆರಡು, ಹದಿನಾರು ಪಾಯಿಂಟ್ ಐದು. ಒಂದು ಗಂಟೆ, ಖಾಲಿ. ಎರಡು ಗಂಟೆ, ಖಾಲಿ. ಮೂರು..."

"ಮೂರು?"

"ಖಾಲಿ."

"ಕೇಳಿದ್ಯಾ ಅವ್ವ?" ಚಿಕ್ಕಪ್ಪ ಅಜ್ಜಿಯ ಕಡೆ ತಿರುಗಿದರು. "ಆವತ್ತು ಮೂರು ಗಂಟೇಲಿ ನಾನು ಹೊರಗೆ ಆ ಗುಂಡಿ ಪಕ್ಕ ನಿಂತಿದ್ದೆ. ಅಪ್ಪ ಹೋಗಿದ್ದು ಗೊತ್ತಿರ್ಲಿಲ್ಲ. ಯಂತ್ರದ ಮುಚ್ಚಳ ತೆಗೆದು ಸೂಜಿ ನೋಡ್ದೆ. ಗೆರೆ ಎಳೀತಿತ್ತು. ನಾನು ಅಲ್ಲಿದ್ದೆ ಅನ್ನೋದಕ್ಕೆ ಅದೊಂದೇ ಇದ್ದಿದ್ದು. ಇವಳು ಅದನ್ನ ಸುಟ್ಟಳು. ಈಗ ನಾಲ್ಕು ಅಂಕಿ ಬರಿಯೇ ಅಂದ್ರೆ ಬರಿಯಲ್ಲ."

ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಸರೀಗೇ ಐತಲ್ಲ," ಎಂದರು. "ಇಲ್ಲೂ ಇರ್ಲಿಲ್ಲ, ಅಲ್ಲೂ ಇರ್ಲಿಲ್ಲ. ಹಂಗೇ ಇರ್ಲಿ ಬುಡು."

ಚಿಕ್ಕಪ್ಪ ಕಪ್ಪು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅವರ ಕಣ್ಣುಗಳನ್ನು ಹಗಲು ಬೆಳಕಿನಲ್ಲಿ ನಾನು ಸರಿಯಾಗಿ ನೋಡಿದ್ದು ಆಗಲೇ. ರೆಪ್ಪೆ ಊದಿಕೊಂಡು, ಬಿಳಿಯ ಭಾಗವೆಲ್ಲ ಇಟ್ಟಿಗೆ ಬಣ್ಣ. ನನಗೆ ಒಂದು ಮಾತು ಹೇಳಬೇಕೆನ್ನಿಸಿತು: ನಾಲ್ಕೂ ಖಾಲಿ, ಆದರೆ ಐದು ಗಂಟೆಯ ಮನೆಯಲ್ಲಿ ಮೈನಸ್ ಹದಿನಾರು ಪಾಯಿಂಟ್ ಐದು ಇದೆ, ಮೂರಕ್ಕೂ ಅದೇ ಇದ್ದಿರಬೇಕು ಎಂದು. ಆದರೆ ಹಾಗೆ ಹೇಳಿದರೆ ಬರೆದಂತೆಯೇ ಆಗುತ್ತಿತ್ತು. ಹೇಳಲಿಲ್ಲ. ಅದನ್ನು ಅವರು ಸೊಕ್ಕು ಎಂದುಕೊಂಡರು.

"ಬರಿ ಹಂಗಾದ್ರೆ," ಎಂದರು ಕನ್ನಡಕ ಏರಿಸಿಕೊಂಡು. "ಷರಾ ಬರಿ. ನಿನ್ನ ಸತ್ಯ ಎಲ್ಲಾ ಬರಿ. ನಾನು ಮನೆಗೆ ತಂದೆ ಅಂತಾನೂ ಬರಿ, ನಂಗೇನು, ಇನ್ನು ಯಾರು ಕಳಿಸ್ತಾರೆ ನನ್ನ. ಆದ್ರೆ ಅಟ್ಟಕ್ಕೆ ಹಾಕಿದ್ದು ಯಾರು ಅನ್ನೋದನ್ನ ಬಿಡಬೇಡ. ಕೆಳಗೆ ಹೆಸರು ಹಾಕು. ಪೂರ್ತಿ ಹೆಸರು. ಊರು, ತಾಲ್ಲೂಕು ಸಮೇತ. ಆ ಆಫೀಸಿನ ಬಾಗಿಲು ಈ ಜನ್ಮದಲ್ಲಿ ನಿನಗೆ ತೆರೆಯಬಾರದು, ಹಾಗೆ ಬರಿ."

ನಾನು ಕಂಬಕ್ಕೆ ಒರಗಿ, ರಿಜಿಸ್ಟರನ್ನು ಮೊಣಕಾಲಿನ ಮೇಲಿಟ್ಟುಕೊಂಡೆ. ಒಂದೊಂದೇ ಅಕ್ಷರ ನಿಧಾನವಾಗಿ ಬರೆದೆ:

'ಜೂನ್ ಮತ್ತು ಜುಲೈ ಸುರುಳಿಗಳನ್ನು ಓದುವುದಕ್ಕಾಗಿ ಮನೆಗೆ ತರಲಾಗಿತ್ತು. ಗೆದ್ದಲಿನಿಂದ ಉಳಿಸಲು ನಾನು ಅವನ್ನು ಕೊಬ್ಬರಿ ಅಟ್ಟದ ಮೇಲೆ ಇಟ್ಟೆ. ಕೆಳಗೆ ಮಟ್ಟೆಯ ಬೆಂಕಿ ಇತ್ತು. ಮೇಣ ಕರಗಿ ಗೆರೆ ಅಳಿಸಿದೆ. ಖಾಲಿ ಬಿಟ್ಟಿರುವ ಮನೆಗಳಲ್ಲಿ ಉಷ್ಣತೆ ಎಷ್ಟಿತ್ತೆಂದು ಯಾರಿಗೂ ತಿಳಿಯದು. ಬರೆದಿರುವ ಅಂಕಿಗಳೆಲ್ಲ ಕಣ್ಣಿನಿಂದ ಓದಿದವು. ರೇವಣ್ಣನವರು ಆ ಎರಡು ತಿಂಗಳೂ ಒಂದು ದಿನ ತಪ್ಪದೆ ಯಂತ್ರಕ್ಕೆ ಕೀಲಿ ಕೊಟ್ಟಿದ್ದಾರೆ. ಉಳಿದಿರುವ ಗೆರೆ ಎಲ್ಲಿಯೂ ನಿಂತಿಲ್ಲ.'

ಕೆಳಗೆ, ಗಿರಿಜಾಂಬಿಕಾ, ಬಿ.ಎಸ್ಸಿ., ಎಂದು ಬರೆದು, ಊರಿನ ಹೆಸರು, ಶೆಟ್ಟಿಕೆರೆ ಹೋಬಳಿ, ಚಿಕ್ಕನಾಯಕನಹಳ್ಳಿ ತಾಲ್ಲೂಕು ಎಂದು ಸೇರಿಸಿದೆ. ನನ್ನ ಹೆಸರನ್ನು ಅಷ್ಟು ಉದ್ದಕ್ಕೆ ಬರೆದದ್ದು ಕಾಲೇಜಿನ ಅರ್ಜಿಯ ಮೇಲೆ ಬಿಟ್ಟರೆ ಅದೇ ಮೊದಲು.

ಚಿಕ್ಕಪ್ಪ ಪುಸ್ತಕವನ್ನು ಕಿತ್ತುಕೊಂಡು ಕಣ್ಣಿನ ಹತ್ತಿರ ತಂದರು. ಅವರಿಗೆ ಎಷ್ಟು ಕಂಡಿತೋ ತಿಳಿಯದು. ತುಂಬ ಹೊತ್ತು ಹಿಡಿದಿದ್ದರು. ಕೊನೆಯ ಸಾಲಿನ ಹತ್ತಿರ ಬೆರಳಿಟ್ಟು, "ಇದೇನು?" ಎಂದರು.

"ನಿಮ್ಮದು," ಎಂದೆ.

"ನಂದೇನೂ ನೀನು ಬರಿಯೋದು ಬೇಡ ಇತ್ತು," ಎಂದರು. ಆದರೆ ಹೊಡೆದುಹಾಕು ಎನ್ನಲಿಲ್ಲ. ಶಾಯಿ ಆರುವ ಮೊದಲೇ ಪುಸ್ತಕ ಮುಚ್ಚಿ, ಟ್ರಂಕನ್ನು ಹೆಗಲಿಗೇರಿಸಿಕೊಂಡು, ಅಜ್ಜಿಗಾಗಲಿ ನನಗಾಗಲಿ ಹೋಗಿ ಬತ್ತೀನಿ ಎನ್ನದೆ ಶೆಟ್ಟಿಕೆರೆಯ ರಸ್ತೆಗೆ ಇಳಿದರು.